ಉಣ್ಣೆ, ಚಿಗಟದ ಕಾಟ: ನಾಯಿ ಮೈಗಿಂತ ಮೊದಲು ಗೋಡೆ ಬಿರುಕು ನೋಡಿ

ನಾಯಿಗೆ ಸ್ನಾನ ಮಾಡಿಸಿ, ಕಿವಿಯೊಳಗಿನ ಇಪ್ಪತ್ತು ಉಣ್ಣೆ ಕಿತ್ತು, ಬೇವಿನೆಣ್ಣೆ ಹಚ್ಚಿ ಎಂಟು ದಿನ ಆಗಿರುವುದಿಲ್ಲ, ಅದೇ ಕಿವಿಯಲ್ಲಿ ಮತ್ತೆ ಇಪ್ಪತ್ತು. ಮದ್ದು ಹತ್ತಲಿಲ್ಲ ಎಂದುಕೊಂಡು ಜನ ಇನ್ನೂ ಕಟುವಾದ ಮದ್ದಿಗೆ ಕೈ ಹಾಕುತ್ತಾರೆ, ಕೊನೆಗೆ ಸೀಮೆಎಣ್ಣೆಯವರೆಗೂ ಹೋಗುತ್ತಾರೆ. ಆದರೆ ಎರಡನೇ ಸಲ ಕಂಡ ಉಣ್ಣೆಗಳು ಗೂಡಿನ ಹಲಗೆಯ ಸಂದಿಯಿಂದ, ಗೋಡೆಯ ಬಿರುಕಿನಿಂದ, ಮಲಗುವ ಗೋಣಿಚೀಲದ ಹೊಲಿಗೆಯಿಂದ ಹೊಸದಾಗಿ ಹತ್ತಿದವು. ನಾಯಿಯ ಮೈ ಅವಕ್ಕೆ ಊಟದ ಮನೆ. ವಾಸದ ಮನೆ ಬೇರೆ ಕಡೆ ಇದೆ.

ಇದು ಗೊತ್ತಿದ್ದರೆ ಮನೆಮದ್ದಿನಿಂದಲೇ ಸಾಕಷ್ಟು ಕೆಲಸ ಆಗುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟು ಬೆಲೆಯ ಮದ್ದು ತಂದರೂ ತಿಂಗಳು ತಿಂಗಳು ಅದೇ ಪಾಡು.

ಶತ್ರು ಯಾರು, ಎಲ್ಲಿದ್ದಾನೆ

ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವುದು ಹೆಚ್ಚಾಗಿ ಕಂದು ಬಣ್ಣದ ನಾಯಿ ಉಣ್ಣೆ. ಮಲೆನಾಡಿನ ಕಡೆ ಉಣ್ಣೆಯನ್ನು ಉಣುಗು ಎನ್ನುತ್ತಾರೆ. ಈ ಜಾತಿಯ ವಿಶೇಷವೆಂದರೆ ಇದಕ್ಕೆ ಹುಲ್ಲು, ಪೊದೆ ಬೇಕಿಲ್ಲ. ಮನೆಯೊಳಗೇ ಹುಟ್ಟಿ ಮನೆಯೊಳಗೇ ಸಂಸಾರ ನಡೆಸಬಲ್ಲದು. ಮರಿಯಾಗಿದ್ದಾಗ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಬಲಿತ ಮೇಲೆ ಒಮ್ಮೆ, ಹೀಗೆ ಮೂರು ಸಲ ನಾಯಿಯ ಮೈಗೆ ಹತ್ತಿ ರಕ್ತ ಹೀರುತ್ತದೆ. ಮೊದಲ ಎರಡು ಊಟದ ನಂತರ ಕೆಳಗೆ ಉದುರಿ, ಸಂದಿ ಸೇರಿ, ಪೊರೆ ಬಿಡುತ್ತದೆ. ಕೊನೆಯ ಊಟ ಮುಗಿಸಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ, ನೆನೆಸಿದ ಕಾಳಿನ ಹಾಗೆ ಊದಿಕೊಂಡು, ಗೋಡೆ ಹತ್ತಿ ಬಿರುಕು ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ಒಡೆಯಲು ಹವೆ ನೋಡಿಕೊಂಡು ಎರಡರಿಂದ ಐದು ವಾರ. ಊಟ ಸಿಗದಿದ್ದರೂ ಬಲಿತ ಉಣ್ಣೆ ತಿಂಗಳುಗಟ್ಟಲೆ ಕಾದು ಕುಳಿತಿರುತ್ತದೆ. ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಹೋದರೆ ಎಲ್ಲ ಸತ್ತುಹೋಗುತ್ತವೆ ಎಂದು ನಂಬಬೇಡಿ.

ಚಿಗಟದ ದಾರಿ ಬೇರೆ. ಬಲಿತ ಚಿಗಟ ನಾಯಿ ಅಥವಾ ಬೆಕ್ಕಿನ ಮೈಮೇಲೇ ಉಳಿಯುತ್ತದೆ. ಮೊಟ್ಟೆ ಮಾತ್ರ ಉಪ್ಪಿನ ಹರಳಿನಂತೆ ಜಾರಿ ನೆಲಕ್ಕೆ ಬೀಳುತ್ತದೆ, ದಿನಕ್ಕೆ ನಲವತ್ತು ಐವತ್ತರಂತೆ. ಮರಿಹುಳು ಬೆಳಕಿಗೆ ಹೆದರಿ ಸೋಫಾದ ಅಡಿ, ಚಾಪೆಯ ಅಡಿ, ನೆಲದ ಸಂದಿ ಸೇರುತ್ತದೆ. ಅಲ್ಲಿ ಅದಕ್ಕೆ ಆಹಾರ ತಾಯಿ ಚಿಗಟದ ಒಣಗಿದ ಹಿಕ್ಕೆ. ಆಮೇಲೆ ಅಂಟು ನೂಲಿನ ಗೂಡು ಕಟ್ಟಿಕೊಂಡು, ಹತ್ತಿರದಲ್ಲಿ ಹೆಜ್ಜೆಯ ಅದುರು, ಮೈ ಶಾಖ, ಉಸಿರು ತಾಕುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ಈ ಗೂಡಿನೊಳಕ್ಕೆ ಸೋಪು, ಬೇವು ಮಾತ್ರವಲ್ಲ, ಅಂಗಡಿಯ ಔಷಧಿಯೂ ಸರಿಯಾಗಿ ಇಳಿಯುವುದಿಲ್ಲ. ಕೆಲಸ ಶುರು ಮಾಡಿದ ಎರಡು ವಾರದ ಮೇಲೆ ಏಕಾಏಕಿ ಚಿಗಟ ಹೆಚ್ಚಾದಂತೆ ಕಂಡರೆ ಗಾಬರಿಯಾಗಬೇಡಿ. ಹಳೆಯ ಗೂಡುಗಳು ಒಡೆಯುತ್ತಿವೆ, ಅಷ್ಟೇ.

ಚಿಗಟ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಸುಲಭ ಪರೀಕ್ಷೆ ಇದೆ. ನಾಯಿಯನ್ನು ಬಿಳಿ ಹಾಳೆಯ ಮೇಲೆ ನಿಲ್ಲಿಸಿ, ಬಾಲದ ಬುಡದ ಹತ್ತಿರ ಕೂದಲನ್ನು ಕೈಯಿಂದ ಕೆದಕಿ. ಉದುರಿದ ಕರಿ ಪುಡಿಯ ಮೇಲೆ ಎರಡು ಹನಿ ನೀರು ಹಾಕಿ. ಒಂದು ನಿಮಿಷದಲ್ಲಿ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಎಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಉಣ್ಣೆ ಕೀಳುವ ಕ್ರಮ

ಬೇಕಾದ್ದು ಇಷ್ಟು: ಮೊನೆ ಚೂಪಾದ ಪ್ಲಕ್ಕರ್, ಕೈಗವಸು, ಮುಚ್ಚಳ ಬಿಗಿಯಾಗಿ ಕೂರುವ ಒಂದು ಬಾಟಲಿಯಲ್ಲಿ ಅರ್ಧ ಸರ್ಜಿಕಲ್ ಸ್ಪಿರಿಟ್, ಪೊವಿಡೋನ್ ಅಯೋಡಿನ್, ಹತ್ತಿ.

ಹುಡುಕಬೇಕಾದ ಜಾಗಗಳು ಕಿವಿಯ ಮಡಿಕೆಯ ಒಳಗೆ, ಕಾಲ್ಬೆರಳ ನಡುವೆ, ಕಂಕುಳ, ತೊಡೆಸಂದಿ, ಕೊರಳಪಟ್ಟಿಯ ಅಡಿ, ಬಾಲದ ಕೆಳಗೆ, ತುಟಿ ಮತ್ತು ರೆಪ್ಪೆಯ ಅಂಚು. ಬೆರಳ ನಡುವಿನವನ್ನು ಬಹಳ ಜನ ಮರೆಯುತ್ತಾರೆ. ನಾಯಿ ಪಾದ ನೆಕ್ಕುತ್ತಲೇ ಇದ್ದರೆ ಮೊದಲು ಅಲ್ಲಿ ನೋಡಿ. ಕಣ್ಣಿಗೆ ಬೀಳದ ಮರಿ ಉಣ್ಣೆ ಬೆರಳಿಗೆ ರಾಗಿ ಕಾಳಿನ ಹಾಗೆ ಸಿಗುತ್ತದೆ.

ಕೂದಲನ್ನು ಎರಡು ಕಡೆಗೆ ಸರಿಸಿ, ಪ್ಲಕ್ಕರ್ ಮೊನೆಯನ್ನು ಚರ್ಮಕ್ಕೆ ತಾಗಿಸಿ, ಉಣ್ಣೆಯ ಬಾಯಿಯ ಭಾಗವನ್ನು ಹಿಡಿಯಿರಿ. ಊದಿದ ಹೊಟ್ಟೆಯನ್ನು ಹಿಡಿಯಬಾರದು. ಹೊಟ್ಟೆ ಹಿಚುಕಿದರೆ ಅದರೊಳಗಿನ ರಸ ನಾಯಿಯ ಗಾಯಕ್ಕೇ ಇಳಿಯಬಹುದು. ತಿರುಚದೆ, ಎಳೆದು ಜಗ್ಗದೆ, ಒಂದೇ ಸಮನೆ ನೇರ ಮೇಲಕ್ಕೆ ಎತ್ತಿ. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ. ಎರಡು ಮೂರು ಸೆಕೆಂಡು ಹಾಗೇ ಹಿಡಿದಿದ್ದರೆ ಹಿಡಿತ ತಾನಾಗಿ ಸಡಿಲವಾಗುತ್ತದೆ. ಕಿತ್ತದ್ದನ್ನು ಸ್ಪಿರಿಟ್ ಬಾಟಲಿಗೆ ಹಾಕಿ. ಬರೀ ನೀರಿನಲ್ಲಿ ಉಣ್ಣೆ ಬೇಗ ಸಾಯುವುದಿಲ್ಲ, ಬಚ್ಚಲಿಗೆ ಎಸೆದರೆ ಹತ್ತಿ ಬರುತ್ತದೆ. ಉಗುರಿನಲ್ಲಿ ಕುಟ್ಟುವುದು, ಕಲ್ಲಿನ ಮೇಲೆ ಉಜ್ಜುವುದು ಬೇಡ. ಆ ರಕ್ತದಲ್ಲಿ ರೋಗಾಣು ಇರಬಹುದು, ನಿಮ್ಮ ಕೈಯಲ್ಲಿ ಗೀರು ಇರಬಹುದು.

ಬಾಯಿಯ ಚೂರು ಚರ್ಮದಲ್ಲೇ ಮುರಿದು ಉಳಿದರೆ ಸೂಜಿ ಹಾಕಿ ಕೆದಕಬೇಡಿ. ಅಯೋಡಿನ್ ಹಚ್ಚಿ ಬಿಡಿ, ಕೆಲವು ದಿನಗಳಲ್ಲಿ ಚರ್ಮವೇ ಅದನ್ನು ಹೊರಹಾಕುತ್ತದೆ. ಕೀವು ಕಟ್ಟಿದರೆ ಮಾತ್ರ ವೈದ್ಯರಿಗೆ ತೋರಿಸಿ.

ಊದುಬತ್ತಿಯ ಕೆಂಡ ತಾಗಿಸುವುದು, ಸೀಮೆಎಣ್ಣೆ ಹನಿಸುವುದು, ವ್ಯಾಸಲಿನ್ ಮೆತ್ತುವುದು ತಲೆತಲಾಂತರದಿಂದ ಬಂದ ಉಪಾಯಗಳು. ಮೂರೂ ಬೇಡ. ಉಣ್ಣೆ ನಿಧಾನಕ್ಕೆ ಉಸಿರಾಡುವ ಪ್ರಾಣಿ, ಬೇಗ ಬಿಡುವುದಿಲ್ಲ. ಬಾಧೆಯಾದಾಗ ತನ್ನ ಜೊಲ್ಲನ್ನು ಗಾಯದೊಳಕ್ಕೆ ಕಕ್ಕುವ ಅಪಾಯವೂ ಇದೆ.

ಸ್ನಾನ, ಬಾಚಣಿಗೆ, ಬೇವು

ಚಿಗಟಕ್ಕೆ ಸೋಪಿನ ನೊರೆ ನಿಜವಾಗಿ ಕೆಲಸ ಮಾಡುತ್ತದೆ, ನೊರೆಗೆ ಸಿಕ್ಕ ಚಿಗಟ ಮುಳುಗುತ್ತದೆ. ಉಣ್ಣೆಗೆ ಅದರಿಂದ ಏನೂ ಆಗದು. ಬೆಚ್ಚಗಿನ ನೀರಿನಲ್ಲಿ ಮೈ ನೆನೆಸುವ ಮೊದಲು ಕುತ್ತಿಗೆಯ ಸುತ್ತ ದಪ್ಪ ನೊರೆಯ ಬಳೆ ಕಟ್ಟಿ. ಇಲ್ಲದಿದ್ದರೆ ನೀರು ಬಿದ್ದ ಕೂಡಲೇ ಚಿಗಟಗಳೆಲ್ಲ ತಲೆಯ ಕಡೆ, ಕಿವಿಯ ಕಡೆ ಓಡುತ್ತವೆ, ಅಲ್ಲಿ ಸೋಪು ಹಾಕಲು ಆಗುವುದಿಲ್ಲ. ಆಮೇಲೆ ಬೆನ್ನು, ಹೊಟ್ಟೆ, ಬಾಲ. ನಾಯಿಗೆಂದೇ ಮಾಡಿದ ಶಾಂಪೂ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಅನ್ನು ತುರ್ತಿಗೆ ಒಮ್ಮೆ ಬಳಸಬಹುದು. ವಾರ ವಾರ ಬಳಸಿದರೆ ಚರ್ಮದ ಎಣ್ಣೆ ಹೋಗಿ ತುರಿಕೆ ಇನ್ನೂ ಜಾಸ್ತಿ. ಅಂಟುವಾಳದ ನೊರೆ ಕಣ್ಣಿಗೆ ವಿಪರೀತ ಉರಿ, ಮುಖದ ಹತ್ತಿರ ತರಬೇಡಿ.

ಮೈ ಒಣಗಿದ ಮೇಲೆ ಹೇನು ತೆಗೆಯುವ ಬಾಚಣಿಗೆ ಹಿಡಿಯಿರಿ. ಪಕ್ಕದಲ್ಲಿ ಸೋಪು ನೀರಿನ ಬಟ್ಟಲು ಇರಲಿ. ಕೂದಲು ಬೆಳೆದ ದಿಕ್ಕಿನಲ್ಲಿ, ಹಲ್ಲು ಚರ್ಮಕ್ಕೆ ತಾಗುವಂತೆ ನಿಧಾನಕ್ಕೆ ಎಳೆದು, ಪ್ರತಿ ಎಳೆತಕ್ಕೂ ಬಟ್ಟಲಿನಲ್ಲಿ ಅದ್ದಿ. ದಿನಾ ಹತ್ತು ನಿಮಿಷದ ಈ ಕೆಲಸ ಬೆಕ್ಕಿನ ಮಟ್ಟಿಗೆ ಅತ್ಯಂತ ಸುರಕ್ಷಿತ ಮನೆಮದ್ದು. ಬೆಕ್ಕಿಗೆ ಬೇರೆ ಮನೆಮದ್ದು ಯಾವುದನ್ನೂ ಹೇಳಲು ಮನಸ್ಸು ಬರುವುದಿಲ್ಲ. ಅದು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ನುಂಗುತ್ತದೆ, ಅದರ ಪಿತ್ತಜನಕಾಂಗಕ್ಕೆ ಅನೇಕ ಎಣ್ಣೆ, ರಾಸಾಯನಿಕಗಳನ್ನು ಕರಗಿಸುವ ಶಕ್ತಿ ಇಲ್ಲ.

ನಾಯಿಗೆ ಬೇವಿನೆಣ್ಣೆ ಸಿಂಪಡಿಸುವುದಾದರೆ ಅಳತೆ ಹೀಗೆ: ತಣ್ಣಗೆ ಒತ್ತಿದ ಬೇವಿನೆಣ್ಣೆ 10 ಮಿ.ಲೀ., ನಾಯಿ ಶಾಂಪೂ 5 ಮಿ.ಲೀ., ಉಗುರು ಬೆಚ್ಚಗಿನ ನೀರು 1 ಲೀಟರ್. ಮೊದಲು ಎಣ್ಣೆ ಮತ್ತು ಶಾಂಪೂ ಎರಡನ್ನೇ ಸೇರಿಸಿ ಹಾಲಿನಂತೆ ಬೆಳ್ಳಗಾಗುವವರೆಗೆ ಕದಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ. ನೇರ ನೀರಿಗೆ ಎಣ್ಣೆ ಸುರಿದರೆ ಅದು ಮೇಲೆ ತೇಲುತ್ತದೆ, ಬಾಟಲಿಯ ಕೊನೆಯ ಪಾಲು ಬರೀ ಎಣ್ಣೆಯಾಗಿ ಚರ್ಮ ಸುಡುತ್ತದೆ. ಚಳಿಯಲ್ಲಿ ಬೇವಿನೆಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿ. ಮೊದಲ ದಿನ ತೊಡೆಯ ಮೇಲೆ ಒಂದು ರೂಪಾಯಿಯಷ್ಟು ಜಾಗಕ್ಕೆ ಮಾತ್ರ ಹಚ್ಚಿ 24 ಗಂಟೆ ಕಾಯಿರಿ. ಕೆಂಪಾಗದಿದ್ದರೆ ವಾರಕ್ಕೊಮ್ಮೆ ಕಾಲು, ಹೊಟ್ಟೆ, ಬೆನ್ನಿಗೆ ಹಗುರವಾಗಿ ಸಿಂಪಡಿಸಿ. ಕಣ್ಣು, ಮೂಗು, ಕಿವಿಯ ಒಳಗೆ, ತೆರೆದ ಗಾಯಕ್ಕೆ ಬೇಡ. ಬೆರೆಸಿದ್ದನ್ನು ಅಂದೇ ಮುಗಿಸಿ. ಮರಿಗಳಿಗೆ, ಗಬ್ಬದ ನಾಯಿಗೆ ಹಚ್ಚಬೇಡಿ.

ಬೇವಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಸ್ಪಷ್ಟವಿರಲಿ. ಅದು ಹುಳುವನ್ನು ದೂರ ಇಡುತ್ತದೆ, ಎಳೆಯವು ಪೊರೆ ಬಿಡುವುದಕ್ಕೆ ಅಡ್ಡಿ ಮಾಡುತ್ತದೆ. ಆಗಲೇ ಕಚ್ಚಿಕೊಂಡಿರುವ ಬಲಿತ ಉಣ್ಣೆ ಅದರಿಂದ ಪಟ್ಟನೆ ಉದುರುವುದಿಲ್ಲ. ಕಚ್ಚಿದ್ದನ್ನು ಕೀಳಲೇಬೇಕು.

ಮಲಗುವ ಜಾಗ: ಅಸಲಿ ಕೆಲಸ ಇಲ್ಲಿದೆ

ಗೋಣಿಚೀಲ ಇದ್ದರೆ ಇವತ್ತೇ ಸುಟ್ಟುಬಿಡಿ. ಅದರ ನೇಯ್ಗೆಯ ಕಣ್ಣುಗಳಲ್ಲಿ ಉಣ್ಣೆ ಆರಾಮವಾಗಿ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಬದಲಿಗೆ ಹಳೆಯ ಕಾಟನ್ ಬೆಡ್‌ಶೀಟು ಎರಡು ಇಟ್ಟುಕೊಂಡು ವಾರಕ್ಕೆ ಎರಡು ಸಲ ಬದಲಿಸಿ. ತೊಳೆಯುವ ನೀರು 60 ಡಿಗ್ರಿ ದಾಟಿರಬೇಕು, ಎಂದರೆ ಕೈ ಇಡಲಾಗದಷ್ಟು ಬಿಸಿ. ಅದರಲ್ಲಿ ಅರ್ಧ ಗಂಟೆ ನೆನೆಸಿ, ಮಧ್ಯಾಹ್ನದ ಬಿಸಿಲಿಗೆ ತಾರಸಿಯ ಮೇಲೆ ಹರಡಿ, ನಡುವೆ ಒಮ್ಮೆ ಮಗುಚಿ. ಮಳೆಗಾಲದಲ್ಲಿ ಒಣಗಿದ ಮೇಲೆ ಇಸ್ತ್ರಿ ಹಾಕಿದರೆ ಆಯಿತು.

ಈಗ ಗೋಡೆ. ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಜಾಗದಿಂದ ಸುತ್ತ ಐದಾರು ಅಡಿ ನೋಡಿ. ನೆಲ ನೋಡಿ ಸುಮ್ಮನಾಗಬೇಡಿ. ಹೊಟ್ಟೆ ತುಂಬಿದ ಉಣ್ಣೆ ಮೇಲಕ್ಕೆ ಹತ್ತುವ ಜಾತಿ. ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಗೆರೆ, ಕಿಟಕಿಯ ಮೇಲಂಚು, ಗಾರೆ ಮೆತ್ತದ ಇಟ್ಟಿಗೆಯ ಸಂದಿ, ಶೀಟ್ ಚಾವಣಿ ಕೂರುವ ಮೂಲೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಹಿಂಭಾಗ, ಚಪ್ಪಲಿ ಸ್ಟ್ಯಾಂಡಿನ ಅಡಿ. ಹಿಡಿಕಡ್ಡಿಯ ತುದಿಯನ್ನು ಬಿರುಕಿಗೆ ಹಾಕಿ ಎಳೆದು ನೋಡಿ. ಕಡ್ಡಿಯ ತುದಿಗೆ ಹೊಳೆಯುವ ಕಂದು ಗಸಗಸೆಯಂಥ ಗುಪ್ಪೆ ಅಂಟಿ ಬಂದರೆ ಅದು ಮೊಟ್ಟೆ. ಪಕ್ಕದಲ್ಲೇ ಒಣಗಿ ಸುಕ್ಕಾದ ತಾಯಿ ಉಣ್ಣೆಯೂ ಸಿಗುತ್ತದೆ.

ಅಂಥ ಬಿರುಕಿಗೆ ಮೂತಿ ಉದ್ದದ ಕೆಟಲ್‌ನಿಂದ ಕುದಿಯುವ ನೀರು ಎರಡು ಸಲ ಹಾಕಿ. ಸ್ವಿಚ್‌ಬೋರ್ಡ್ ಹತ್ತಿರ ನೀರು ಬೇಡವೇ ಬೇಡ. ಅಲ್ಲಿ ಅಗಲದ ಸೆಲ್ಲೋಟೇಪ್ ಒತ್ತಿ ಎತ್ತಿದರೆ ಮರಿ ಉಣ್ಣೆ, ಮೊಟ್ಟೆ ಎರಡೂ ಅಂಟಿಕೊಂಡು ಬರುತ್ತವೆ. ಮರುದಿನ ಬಿರುಕು ಒಣಗಿದ ಮೇಲೆ ಸಣ್ಣ ಬಿರುಕಿಗೆ ಪುಟ್ಟಿ, ದೊಡ್ಡದಕ್ಕೆ ಸಿಮೆಂಟು ತುಂಬಿ, ಮೇಲೆ ಸುಣ್ಣ ಹೊಡೆಯಿರಿ. ಸಿಂಪಡಿಸಿದ ಮದ್ದು ವಾರದಲ್ಲಿ ಹೋಗುತ್ತದೆ. ಮುಚ್ಚಿದ ಬಿರುಕು ವರ್ಷಾನುಗಟ್ಟಲೆ ಮುಚ್ಚಿರುತ್ತದೆ. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಮರದ ಗೂಡಾಗಿದ್ದರೆ ಹಲಗೆಗಳನ್ನು ಬಿಚ್ಚಿ ಬಿಸಿನೀರು ಹಾಕಿ ಬಿಸಿಲಿಗೆ ಇಟ್ಟು ಮರುಜೋಡಿಸಬೇಕಾಗುತ್ತದೆ. ಬಹಳ ಹಳತಾಗಿದ್ದರೆ ಗೂಡನ್ನೇ ಬದಲಿಸುವುದು ಮೇಲು.

ಮೊಟ್ಟೆ ಒಡೆಯಲು ಎರಡು ವಾರವಾದರೂ ಬೇಕು ಎಂದೆವಲ್ಲ, ಹಾಗಾಗಿ ಈ ಟಾರ್ಚ್ ತಪಾಸಣೆ ಹದಿನೈದು ದಿನಕ್ಕೊಮ್ಮೆ, ಕನಿಷ್ಠ ಮೂರು ತಿಂಗಳು.

ಚಿಗಟವಿರುವ ಮನೆಯಲ್ಲಿ ಒತ್ತು ನೆಲಕ್ಕೆ. ಒಣ ಪೊರಕೆಯಿಂದ ಬೀಸಿ ಗುಡಿಸಿದರೆ ಮೊಟ್ಟೆ ಮೂಲೆ ಮೂಲೆಗೆ ಹಾರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮೊದಲ ಮೂರು ವಾರ ದಿನಾ ಸೋಫಾದ ಸಂದಿ, ಮಂಚದ ಅಡಿ, ಗೋಡೆಯ ಬುಡ ಎಳೆಯಿರಿ. ಯಂತ್ರದ ಅದುರಿಗೆ ಗೂಡೊಳಗಿನ ಚಿಗಟ ಎಚ್ಚೆತ್ತು ಹೊರಬರುವುದೂ ಒಂದು ಲಾಭ. ಕಸವನ್ನು ಆಗಲೇ ಸೋಪು ನೀರಿನ ಬಕೆಟ್ಟಿಗೆ ಸುರಿಯಿರಿ. ಯಂತ್ರದೊಳಗೇ ಬಿಟ್ಟರೆ ಅಲ್ಲೇ ಬೆಳೆಯುತ್ತವೆ. ವ್ಯಾಕ್ಯೂಮ್ ಇಲ್ಲದ ಮನೆಯಲ್ಲಿ ಮೆತ್ತಗೆ ಗುಡಿಸಿ, ಕೂಡಲೇ ಬಿಸಿ ಸೋಪು ನೀರಿನಲ್ಲಿ ಒರೆಸಿ.

ರಾತ್ರಿ ಅಗಲ ತಟ್ಟೆಯಲ್ಲಿ ಬೆರಳು ದಪ್ಪ ನೀರು, ಎರಡು ಮೂರು ಹನಿ ಪಾತ್ರೆ ಲಿಕ್ವಿಡ್ ಹಾಕಿ ನೆಲದ ಮೇಲಿಟ್ಟು, ಮೇಲೆ ಒಂದು ಗೇಣು ಎತ್ತರದಲ್ಲಿ ಮೇಜಿನ ದೀಪ ಹಚ್ಚಿಡಿ. ಕೋಣೆಯ ಬೇರೆ ದೀಪ ಆರಿಸಿ. ಬೆಳಕಿಗೆ, ಶಾಖಕ್ಕೆ ಚಿಗಟ ಜಿಗಿದು ಮುಳುಗುತ್ತದೆ. ಇದರಿಂದ ಚಿಗಟ ಪೂರ್ತಿ ನಿವಾರಣೆಯಾಗದು, ಆದರೆ ಬೆಳಿಗ್ಗೆ ತಟ್ಟೆಯಲ್ಲಿ ಎಷ್ಟು ಬಿದ್ದಿವೆ ಎಂದು ಎಣಿಸಿ ಬರೆದಿಟ್ಟರೆ ಕೆಲಸ ಮುಂದೆ ಹೋಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ.

ಅಂಗಳ, ಹಿತ್ತಲು, ಕೊಟ್ಟಿಗೆ

ಚಿಗಟದ ಮರಿಹುಳು ಬಿಸಿಲಿಗೆ, ಒಣ ಹವೆಗೆ ಉಳಿಯುವುದಿಲ್ಲ. ಆದ್ದರಿಂದ ಇಡೀ ಅಂಗಳಕ್ಕೆ ಮದ್ದು ಹೊಡೆಯುವುದು ದುಡ್ಡು ದಂಡ. ನಾಯಿ ಮಧ್ಯಾಹ್ನ ಎಲ್ಲಿ ಗುಂಡಿ ತೋಡಿ ಮಲಗುತ್ತದೆ ನೋಡಿ: ಬಾಳೆ ಬುಡ, ನೀರಿನ ತೊಟ್ಟಿಯ ಪಕ್ಕ, ಮೆಟ್ಟಿಲ ಕೆಳಗೆ. ಅಲ್ಲಿನ ಎರಡು ಇಂಚು ಮೇಲ್ಮಣ್ಣು ತೆಗೆದು ಬಿಸಿಲಿಗೆ ಹರಡಿ, ಕೊಂಬೆ ಸವರಿ ಬೆಳಕು ಬೀಳುವಂತೆ ಮಾಡಿ. ಗೋಡೆಗೆ ಒರಗಿಸಿದ ಸೌದೆ, ಹಳೇ ಹೆಂಚು, ತೆಂಗಿನ ಗರಿಯ ರಾಶಿಯನ್ನು ಮನೆಯಿಂದ ದೂರ ಸರಿಸಿ.

ಆ ಜಾಗಗಳಿಗೆ ರೈತರು ಬೆಳೆಗೆ ಬಳಸುವ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು. ಅರ್ಧ ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದೆರಡು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಚೆನ್ನಾಗಿ ಹಿಂಡಿ, ಒಟ್ಟು 10 ಲೀಟರ್ ಆಗುವಷ್ಟು ನೀರು ಸೇರಿಸಿ, ಸ್ವಲ್ಪ ಸೋಪು ಕರಗಿಸಿ, ಸಂಜೆ ಹೊಡೆಯಿರಿ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಹತ್ತು ದಿನಕ್ಕೊಮ್ಮೆ ಮರುಸಿಂಪಡಣೆ ಬೇಕು.

ಮನೆಯಲ್ಲಿ ದನ ಇದ್ದರೆ ಕೊಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ದನಗಳ ಉಣ್ಣೆಗೆ ಹೇಳುವ ನಾಟಿ ಮದ್ದು ಹೀಗಿದೆ: ಬೆಳ್ಳುಳ್ಳಿ 10 ಎಸಳು, ಬೇವಿನ ಸೊಪ್ಪು ಒಂದು ಹಿಡಿ, ಬೇವಿನ ಕಾಯಿ ಒಂದು ಹಿಡಿ, ಬಜೆ 10 ಗ್ರಾಂ, ಅರಿಸಿನ ಪುಡಿ 20 ಗ್ರಾಂ, ಲಂಟಾನ ಸೊಪ್ಪು ಒಂದು ಹಿಡಿ, ತುಳಸಿ ಒಂದು ಹಿಡಿ. ಎಲ್ಲ ರುಬ್ಬಿ ಒಂದು ಲೀಟರ್ ನೀರು ಸೇರಿಸಿ ಸೋಸಿ, ಬಿಸಿಲೇರಿದ ಹೊತ್ತಿನಲ್ಲಿ ದನದ ಮೈಗೂ ಕೊಟ್ಟಿಗೆಯ ಬಿರುಕಿಗೂ ವಾರಕ್ಕೊಮ್ಮೆ ಸಿಂಪಡಿಸುವುದು. ಇದು ದನಕ್ಕೆ ಮಾತ್ರ. ಬೆಳ್ಳುಳ್ಳಿ, ಲಂಟಾನ ಎರಡೂ ನಾಯಿ ಬೆಕ್ಕಿನ ಹೊಟ್ಟೆ ಸೇರಬಾರದು.

ಕೋಳಿಗಳು ಉಣ್ಣೆ ಹೆಕ್ಕಿ ತಿನ್ನುವುದು ನಿಜ. ಗೋಡೆಯ ಬಿರುಕಿಗೆ ಅವುಗಳ ಕೊಕ್ಕು ತಲುಪದು.

ಮಲೆನಾಡಿನವರಿಗೆ ಇನ್ನೊಂದು ಮಾತು, ಇದನ್ನು ಹಗುರವಾಗಿ ಓದಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಅದು ಮನೆಯ ನಾಯಿ ಉಣ್ಣೆಗಿಂತ ಬೇರೆ ಜಾತಿ. ಮಳೆ ನಿಂತು ತರಗೆಲೆ ಒಣಗುವ ಕಾಲದಿಂದ ಮುಂದಿನ ಮಳೆಯವರೆಗೆ ಅದರ ಮರಿಗಳ ಕಾಟ ಜೋರು. ಕಾಡಿನಿಂದ ಕೊಟ್ಟಿಗೆಗೆ ದರಗು (ಒಣ ತರಗೆಲೆ) ತರುವುದು, ಕಾಡು ಸುತ್ತಿ ಬಂದ ನಾಯಿಯನ್ನು ನೇರ ಜಗಲಿಗೆ ಬಿಟ್ಟುಕೊಳ್ಳುವುದು, ಈ ಎರಡೂ ದಾರಿಯಲ್ಲಿ ಅದು ಮನೆಗೆ ಬರಬಹುದು. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಕಾಲದಲ್ಲಿ ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿದು ಕಾಯಬೇಡಿ.

ಕೈ ಹಾಕಬಾರದವು

ಸೀಮೆಎಣ್ಣೆ, ಡೀಸೆಲ್, ಹೊಗೆಸೊಪ್ಪಿನ ಕಷಾಯ, ಕರ್ಪೂರದ ಎಣ್ಣೆ, ನುಸಿಗುಳಿಗೆ, ತೋಟಕ್ಕೆ ತಂದ ಕೀಟನಾಶಕದ ಪುಡಿ, ಇವ್ಯಾವುವೂ ಸಾಕುಪ್ರಾಣಿಯ ಮೈಗೆ ಬೇಡ. ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ ಸಹಜವಾದವು ಎಂಬ ಕಾರಣಕ್ಕೆ ಹಚ್ಚಿ ನಾಯಿ ಬೆಕ್ಕು ನಡುಗುತ್ತಾ ಬೀಳುವುದುಂಟು. ನೆಲ ಒರೆಸುವ ಫಿನೈಲ್, ಡೆಟಾಲ್ ಬೆಕ್ಕಿಗೆ ವಿಷ; ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ತೊಂದರೆ. ದನದ ಉಣ್ಣೆಗೆಂದು ಮಾರುವ ಡೆಲ್ಟಾಮೆತ್ರಿನ್, ನಾಯಿಗೆಂದು ಮಾರುವ ಪರ್ಮೆತ್ರಿನ್ ಬೆಕ್ಕಿನ ಪ್ರಾಣ ತೆಗೆಯಬಲ್ಲವು. ಅನ್ನದ ಜೊತೆ ಬೆಳ್ಳುಳ್ಳಿ ಹಾಕಿದರೆ ಉಣ್ಣೆ ಹತ್ತುವುದಿಲ್ಲ ಎಂಬ ಮಾತನ್ನು ಬಿಟ್ಟುಬಿಡಿ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ಮನೆಮದ್ದು ನಿಲ್ಲುವ ಜಾಗ

ನಾಯಿ ಊಟ ಬಿಟ್ಟಿದೆ, ಮೈ ಸುಡುತ್ತಿದೆ, ಒಸಡು ಬಿಳಿಚಿದೆ, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ, ಮೂತ್ರ ಕಾಫಿ ಬಣ್ಣ: ಇವುಗಳಲ್ಲಿ ಒಂದು ಕಂಡರೂ ಅಂದೇ ಪಶುವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾ, ಬಬೇಸಿಯಾ ಎಂಬ ಉಣ್ಣೆ ಜ್ವರಗಳಿಗೆ ಒಳ್ಳೆಯ ಚಿಕಿತ್ಸೆ ಇದೆ, ತಡವಾದರೆ ಕೈಮೀರುತ್ತದೆ. ಎರಡು ಮೂರು ದಿನಕ್ಕೆ ನಾಯಿ ಚುರುಕಾಯಿತೆಂದು ಗುಳಿಗೆ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಎಳೆ ಮರಿಗಳಿಗೆ ಚಿಗಟ ಮುತ್ತಿದರೆ ರಕ್ತಹೀನತೆಯಿಂದಲೇ ಜೀವ ಹೋಗಬಹುದು, ಅಲ್ಲಿ ಪ್ರಯೋಗ ಬೇಡ. ಮಲದಲ್ಲಿ ಅಕ್ಕಿಕಾಳಿನಂಥ ಚೂರು ಕಂಡರೆ ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು, ಅದಕ್ಕೂ ಗುಳಿಗೆ ಬೇಕು.

ಗೋಡೆ ತುಂಬ ಉಣ್ಣೆ ಹರಿದಾಡುವಷ್ಟು ಮುಂದುವರಿದಿದ್ದರೆ ಬರೀ ಬೇವು ನೆಚ್ಚಿ ಕೂರುವುದು ನಾಯಿಗೆ ಅನ್ಯಾಯ. ವೈದ್ಯರು ತೂಕ ನೋಡಿ ಕೊಡುವ ಅಫಾಕ್ಸೊಲನರ್, ಫ್ಲುರಾಲನರ್ ಥರದ ಗುಳಿಗೆ ಒಂದರಿಂದ ಮೂರು ತಿಂಗಳು ರಕ್ತದಲ್ಲಿರುತ್ತದೆ. ಕಚ್ಚಿದ ಉಣ್ಣೆ ಸಾಯುತ್ತದೆ, ಮೊಟ್ಟೆ ಇಡಲು ಗೋಡೆಗೆ ಮರಳುವುದಿಲ್ಲ. ಹಿಂದೆ ಫಿಟ್ಸ್ ಬಂದ ನಾಯಿಯಾಗಿದ್ದರೆ ಅದನ್ನು ಮೊದಲೇ ವೈದ್ಯರಿಗೆ ಹೇಳಿ. ಗುಳಿಗೆಯ ಜೊತೆಗೆ ಬಿರುಕು ಮುಚ್ಚುವುದು, ಬಟ್ಟೆ ಕುದಿಸುವುದು ನಡೆಯುತ್ತಿರಲಿ. ಮನೆಯಲ್ಲಿ ಎಷ್ಟು ಪ್ರಾಣಿ ಇವೆಯೋ ಎಲ್ಲಕ್ಕೂ ಅದೇ ದಿನ ಶುರುವಾಗಬೇಕು. ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಅದರ ಮೈಮೇಲೆ ಬೆಳೆಯುತ್ತವೆ.

ಕ್ಯಾಲೆಂಡರಿನಲ್ಲಿ ಭಾನುವಾರದ ಮನೆಯಲ್ಲಿ ಎರಡು ಅಂಕಿ ಬರೆಯುತ್ತಾ ಬನ್ನಿ: ಮೈಮೇಲೆ ಸಿಕ್ಕ ಉಣ್ಣೆ ಎಷ್ಟು, ದೀಪದ ತಟ್ಟೆಯಲ್ಲಿ ಬಿದ್ದ ಚಿಗಟ ಎಷ್ಟು. ನಡುವೆ ಒಂದು ವಾರ ಅಂಕಿ ಮೇಲೇರಿದರೂ ಕ್ರಮ ಬಿಡಬೇಡಿ. ಎರಡೂ ಸೊನ್ನೆಯಾಗಿ ಮೂರು ತಿಂಗಳು ಸೊನ್ನೆಯಲ್ಲೇ ನಿಂತರೆ ಬಿಸಿನೀರಿನ ಕೆಟಲ್ ಒಳಗಿಡಬಹುದು. ಬಾಚಣಿಗೆ ಮಾತ್ರ ವಾರಕ್ಕೊಮ್ಮೆ ಕೈಯಲ್ಲಿರಲಿ.